ಜಾಣ ಕಾರು ಕೊಟ್ಟು ಹಳೆಯ ಸ್ಪೋರ್ಟ್ಸ್ ಕಾರು ತರುವವರಿಗೆ

ನನ್ನ ಹಿಂದಿನ ಕಾರಿನ ಮೇಲೆ ನನಗೆ ಒಂದು ದೂರೂ ಇರಲಿಲ್ಲ. ಬೂದು ಬಣ್ಣದ ಹ್ಯಾಚ್‌ಬ್ಯಾಕ್, ನಾಲ್ಕು ವರ್ಷದ್ದು. ಆಟೊಮ್ಯಾಟಿಕ್ ಗೇರು, ಐದು ಸೀಟು, ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ, ವರ್ಷಕ್ಕೊಂದು ಸರ್ವಿಸ್. ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿಲ್ಲ. ಪಾರ್ಕಿಂಗ್ ಜಾಗದಲ್ಲಿ ಅದನ್ನು ಹುಡುಕಬೇಕಾದರೆ ಮಾತ್ರ ನಂಬರ್ ಪ್ಲೇಟ್ ಓದಬೇಕಿತ್ತು. ಅಂಥವೇ ಇನ್ನೂ ಏಳು ಪಕ್ಕದಲ್ಲಿ ನಿಂತಿರುತ್ತಿದ್ದವು.

2022ರಲ್ಲಿ ಅದನ್ನು ಕೊಟ್ಟು ನಾನು ತಂದದ್ದು 2002ರ ಮಜ್ದಾ ಎಂಎಕ್ಸ್-5. ಎರಡೇ ಸೀಟು, ಬಟ್ಟೆಯ ಮಾಡು, ಕೈಯಲ್ಲಿ ಹಾಕುವ ಐದು ಗೇರು. ಕಡು ಹಸಿರು ಬಣ್ಣ. ನಾನು ಅರ್ಧ ಗಂಟೆ ಅದರ ಗುಣಗಾನ ಮಾಡಿದೆ. ನನ್ನ ಗಂಡ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಮಳೆ ಬಂದ್ರೆ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಇಂಥ ಅದಲುಬದಲು ಮಾಡಬೇಕು ಅಂತ ಆಸೆ ಇಟ್ಟುಕೊಂಡವರು ಆಗಾಗ ನನ್ನನ್ನು ಕೇಳುತ್ತಿರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನನ್ನ ತಪ್ಪುಗಳನ್ನೂ ಸೇರಿಸಿ.

ಮೊದಲು ಒಂದು ತಿಂಗಳ ಲೆಕ್ಕ

ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಇದೂ ಹಾಗೆಯೇ. ಹುಚ್ಚನ್ನು ಬಿಡಿಸಲು ನೋಡಬೇಡಿ, ಅಳೆದು ನೋಡಿ. ನಾನು ಕಾರಿನಲ್ಲೇ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಒಂದು ತಿಂಗಳು ಬರೆದೆ: ಎಲ್ಲಿಗೆ ಹೋದೆ, ಕಾರಿನಲ್ಲಿ ಎಷ್ಟು ಜನ, ಎಷ್ಟು ಸಾಮಾನು.

31 ದಿನದಲ್ಲಿ 24 ದಿನ ಕಾರಿನಲ್ಲಿ ನಾನೊಬ್ಬಳೇ ಇದ್ದೆ. ನಾಲ್ಕು ದಿನ ಇಬ್ಬರು. ಎರಡು ದಿನ ಮೂವರು. ಒಂದು ದಿನ ಕಾರು ತೆಗೆಯಲೇ ಇಲ್ಲ. ಹಿಂದಿನ ಸೀಟು ಮಡಚಿದ್ದು ಒಂದೇ ಸಲ, ಪುಸ್ತಕದ ಕಪಾಟು ತರಲು. ಅಂದರೆ ಮೂರು ಖಾಲಿ ಸೀಟನ್ನು ನಾನು ತಿಂಗಳೆಲ್ಲ ಸುಮ್ನೆ ಹೊತ್ತು ತಿರುಗುತ್ತಿದ್ದೆ.

ನಿಮ್ಮ ಪುಸ್ತಕ ಬೇರೆ ಲೆಕ್ಕ ಹೇಳಬಹುದು. ವಾರಕ್ಕೆ ನಾಲ್ಕು ದಿನ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರೆ ಎರಡು ಸೀಟಿನ ಕಾರಿನ ಆಸೆ ಅಲ್ಲಿಗೇ ಬಿಡಿ. ನಾಲ್ಕು ಸೀಟಿನ ಹಾಟ್ ಹ್ಯಾಚ್, ಅಂದರೆ ಜೋರು ಎಂಜಿನ್ನಿನ ಹ್ಯಾಚ್‌ಬ್ಯಾಕ್, ನೋಡಿ. ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ: ಮನೆಯಲ್ಲಿ ಇನ್ನೊಂದು ಗಾಡಿ ಇದೆಯಾ? ಹಳೆ ಕಾರು ಆಗಾಗ ಗ್ಯಾರೇಜಿನಲ್ಲಿ ಎರಡು ದಿನ, ಬಿಡಿ ಭಾಗ ಬರಬೇಕಾದರೆ ಒಂದು ವಾರ ಕೂರುತ್ತದೆ. ನಮ್ಮಲ್ಲಿ ಗಂಡನ ಹಳೆ ವ್ಯಾಗನ್ ಇತ್ತು. ಅದು ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಲೆಕ್ಕ ಆದ ಮೇಲೆ ಅಂಥದ್ದೇ ಕಾರನ್ನು ಎರಡು ದಿನಕ್ಕೆ ಬಾಡಿಗೆಗೆ ತನ್ನಿ, ಇಲ್ಲವೇ ಗೊತ್ತಿದ್ದವರ ಹತ್ತಿರ ಕೇಳಿ. ಹತ್ತು ನಿಮಿಷದ ಓಟದಲ್ಲಿ ಎಲ್ಲ ಕಾರೂ ಚೆನ್ನ. ಎರಡನೇ ದಿನ ಸಂಜೆ, ಸುಸ್ತಾಗಿ ಟ್ರಾಫಿಕ್‌ನಲ್ಲಿ ನಿಂತಾಗ, ಪಕ್ಕದ ಲಾರಿಯ ಚಕ್ರ ನಿಮ್ಮ ಕಿವಿಯ ಮಟ್ಟಕ್ಕೆ ಇದ್ದಾಗ, ಕ್ಲಚ್ ತುಳಿದು ತುಳಿದು ಎಡಗಾಲು ಸೋತಾಗ ಹೇಗನ್ನಿಸುತ್ತದೆ ನೋಡಿ. ನನಗೆ ಸೊಂಟ ಹಿಡಿದುಕೊಂಡಿತ್ತು. ಆದರೂ ಇಳಿಯುವಾಗ ನಗುತ್ತಿದ್ದೆ. ಅದಕ್ಕೇ ಮುಂದುವರಿದೆ.

ದುಡ್ಡಿನ ವಿಷಯ

ಎಕ್ಸ್‌ಚೇಂಜ್ ಅನ್ನುವುದು ಸುಲಭವಾಗಿ ಕಾಣುತ್ತದೆ. ಒಂದು ಕೀಲಿ ಕೊಟ್ಟು ಇನ್ನೊಂದು ಕೀಲಿ ತಗೊಂಡು ಬರುವುದು. ಆದರೆ ಅದರಲ್ಲಿ ನಿಮಗೆ ಕಾಣುವುದು ಒಂದೇ ಅಂಕಿ: ಮೇಲೆ ಎಷ್ಟು ಕೊಡಬೇಕು ಅನ್ನುವುದು. ನಿಮ್ಮ ಕಾರಿಗೆ ಎಷ್ಟು ಕಟ್ಟಿದರು, ಅವರ ಕಾರಿಗೆ ಎಷ್ಟು ಹಾಕಿದರು ಅನ್ನುವುದು ಆ ಅಂಕಿಯೊಳಗೆ ಮುಚ್ಚಿಹೋಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಡಿ ಅಂತ ಕೇಳಿ. ಬರೆದುಕೊಡಲು ಮನಸ್ಸಿಲ್ಲದ ಕಡೆ ನಿಲ್ಲಬೇಡಿ.

ನಾನು ಎರಡು ವ್ಯವಹಾರವನ್ನು ಬೇರೆ ಮಾಡಿದೆ. ಹ್ಯಾಚ್‌ಬ್ಯಾಕ್ ಅನ್ನು ನೇರವಾಗಿ ಮಾರಿದೆ. ಐದು ವಾರ ಹಿಡಿಯಿತು. ಡೀಲರ್ ಹೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು. ಹೊಸ ಕಾರಿಗೆ, ಅದರಲ್ಲೂ ಸಂಸಾರದ ಕಾರಿಗೆ, ಕೊಳ್ಳುವವರು ಜಾಸ್ತಿ. ಸ್ಪೋರ್ಟ್ಸ್ ಕಾರಿಗೆ ಕಡಿಮೆ. ಅಂದರೆ ಮಾರುವಾಗಲೂ ಕೊಳ್ಳುವಾಗಲೂ ನೀವು ಅನುಕೂಲದ ಕಡೆ ಇದ್ದೀರಿ. ಅವಸರ ಮಾಡಿ ಅದನ್ನು ಕಳೆದುಕೊಳ್ಳಬೇಡಿ.

ಕಾರಿನ ಮೇಲೆ ಸಾಲ ಇದ್ದರೆ ಮೊದಲು ಸಾಲ ಕೊಟ್ಟವರನ್ನು ಕೇಳಿ, ಇವತ್ತು ತೀರಿಸಿದರೆ ಎಷ್ಟು ಕಟ್ಟಬೇಕು ಅಂತ. ಆ ಮೊತ್ತ ಕಾರಿನ ಇವತ್ತಿನ ಬೆಲೆಗಿಂತ ಜಾಸ್ತಿ ಇದ್ದರೆ ಈ ಬರಹವನ್ನು ಇಲ್ಲಿಗೇ ಮುಚ್ಚಿ ಒಂದು ವರ್ಷ ಬಿಟ್ಟು ಬನ್ನಿ. ಉಳಿದ ಸಾಲವನ್ನು ಈಗ ತರುವ ಸ್ಪೋರ್ಟ್ಸ್ ಕಾರಿನ ತಲೆಗೆ ಕಟ್ಟಿದರೆ, ಇಲ್ಲದ ಕಾರಿಗೆ ಕಂತು ಕಟ್ಟಿದಂತೆ ಆಗುತ್ತದೆ.

ವಿಮೆಯ ವಿಚಾರವನ್ನು ಕಾರು ಇಷ್ಟವಾಗುವ ಮೊದಲೇ ಮುಗಿಸಿ. ಬೆಲೆ ಕಡಿಮೆ ಇರುವ ಹಳೆ ಕಾರಿಗೆ ವಿಮೆಯೂ ಕಡಿಮೆ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಎಂಜಿನ್, ಓಡಿಸುವವರ ವಯಸ್ಸು, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಚೆನ್ನಾಗಿ ಇಟ್ಟಿರುವ ಹಳೆ ಕಾರಾದರೆ, ಮೊದಲೇ ಇಬ್ಬರೂ ಒಪ್ಪಿದ ಮೌಲ್ಯಕ್ಕೆ ವಿಮೆ ಸಿಗುತ್ತದಾ ಅಂತ ಕೇಳಿ. ಇಲ್ಲದಿದ್ದರೆ ಸಣ್ಣ ಅಪಘಾತಕ್ಕೂ 'ರಿಪೇರಿ ಮಾಡುವಷ್ಟು ಬೆಲೆ ಇಲ್ಲ' ಅಂತ ವಿಮೆಯವರು ಕಾರನ್ನೇ ಎತ್ತಿಕೊಂಡು ಹೋಗುವ ಸಾಧ್ಯತೆ ಇದೆ.

ಇನ್ನು ಕೈಯಲ್ಲಿರುವ ದುಡ್ಡು. ಅದನ್ನು ನಾಲ್ಕು ಪಾಲು ಮಾಡಿ. ಮೂರು ಪಾಲಿಗೆ ಕಾರು ಕೊಳ್ಳಿ, ಒಂದು ಪಾಲು ಮುಟ್ಟಬೇಡಿ. ನನ್ನ ನಾಲ್ಕನೇ ಪಾಲಿನ ಮುಕ್ಕಾಲು ಭಾಗ ಮೊದಲ ನಾಲ್ಕು ತಿಂಗಳಲ್ಲೇ ಖರ್ಚಾಯಿತು, ಅದೂ ಚೆನ್ನಾಗಿರುವ ಕಾರು ಸಿಕ್ಕಿದ ಮೇಲೆ.

ಹೊಸ ಕಾರಿನ ಬೆಲೆ ಮೊದಲ ಕೆಲವು ವರ್ಷದಲ್ಲೇ ಜೋರಾಗಿ ಇಳಿಯುತ್ತದೆ, ಇಪ್ಪತ್ತು ವರ್ಷದ ಕಾರಿನದು ಇಳಿಯುವಷ್ಟು ಇಳಿದಾಗಿರುತ್ತದೆ. ಇದು ನಿಜ. ಆದರೆ ಅಲ್ಲಿ ಉಳಿದದ್ದು ಇಲ್ಲಿ ಬುಷ್ (ಸಸ್ಪೆನ್ಷನ್ನಿನ ರಬ್ಬರ್ ತುಂಡು), ಹೋಸು, ಟೈರಿಗೆ ಹೋಗುತ್ತದೆ. ಇದರಿಂದ ಉಳಿತಾಯ ಆಗುತ್ತದೆ ಅಂತ ಮನೆಯವರಿಗೆ ಹೇಳಬೇಡಿ. ನಾನು ಹೇಳಿದ್ದೆ. ಪ್ರತಿ ಬಿಲ್ಲು ಬಂದಾಗಲೂ ಅದನ್ನು ನೆನಪಿಸುತ್ತಾರೆ.

ಯಾವ ಕಾರು

ಪ್ರತಿ ಹಳೆ ಮಾಡೆಲ್ಲಿಗೂ ಒಂದೆರಡು ಹುಟ್ಟುಗುಣ ಇರುತ್ತದೆ. ನೋಡಲು ಹೋಗುವ ಮೊದಲೇ ಅದನ್ನು ತಿಳಿದುಕೊಳ್ಳಬೇಕು. 2008ರ ವರೆಗಿನ ಪೋರ್ಷೆ ಬಾಕ್ಸ್‌ಸ್ಟರ್‌ಗಳಲ್ಲಿ ಐಎಂಎಸ್ ಬೇರಿಂಗ್ ಅನ್ನುವ, ಎಂಜಿನ್ ಒಳಗೆ ತಿರುಗುವ ಒಂದು ದಂಡವನ್ನು ಹಿಡಿದಿಡುವ ಭಾಗ ಇದೆ. ಎಲ್ಲದರಲ್ಲೂ ಹೋಗುವುದಿಲ್ಲ. ಹೋದರೆ ಎಂಜಿನ್ನನ್ನೇ ಜೊತೆಗೆ ಕರೆದುಕೊಂಡು ಹೋಗುತ್ತದೆ. 2000ರಿಂದ 2006ರ ವರೆಗೆ ಬಂದ ಇ46 ತಲೆಮಾರಿನ ಬಿಎಂಡಬ್ಲ್ಯು ಎಂ3 ಕೊಳ್ಳುವವರು ಎಂಜಿನ್ ಒಳಗಿನ ರಾಡ್ ಬೇರಿಂಗ್ ಬದಲಿಸಿದ ರಸೀದಿ ಕೇಳುತ್ತಾರೆ, ಕಾರು ಎತ್ತಿ ಹಿಂದಿನ ಸಬ್‌ಫ್ರೇಮ್ (ಹಿಂದಿನ ಚಕ್ರಗಳ ಜೋಡಣೆ ಹೊರುವ ಚೌಕಟ್ಟು) ಕೂರುವ ಜಾಗದಲ್ಲಿ ಬಿರುಕು ಇದೆಯಾ ಅಂತ ನೋಡುತ್ತಾರೆ. ಹೋಂಡಾ ಎಸ್2000 ಬಂದದ್ದು 1999ರಲ್ಲಿ, ನಿಂತದ್ದು 2009ರಲ್ಲಿ. ಅದರ ಮೊದಲ ಎರಡು ಲೀಟರ್ ಎಂಜಿನ್ 9,000 ಆರ್‌ಪಿಎಂ ವರೆಗೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ತಿರುಗುತ್ತದೆ. ಆ ಸದ್ದು ಕೇಳಲು ಎಲ್ಲರೂ ಅದನ್ನು ಅಲ್ಲಿಯ ತನಕ ಎಳೆದೇ ಇರುತ್ತಾರೆ ಅಂತ ಇಟ್ಟುಕೊಳ್ಳಿ. ತಪ್ಪಲ್ಲ, ಆಯಿಲ್ ಸರಿಯಾಗಿ ಹಾಕಿದ್ದರೆ.

ಮಜ್ದಾ ಆರ್‌ಎಕ್ಸ್-8 ಬೇರೆಯೇ ಜಾತಿ. ಅದರದು ರೋಟರಿ ಎಂಜಿನ್, ಪಿಸ್ಟನ್ ಇಲ್ಲ. ಬೇರೆ ಕಾರಿನ ರೋಗ ಎಂಜಿನ್ ತಣ್ಣಗಿದ್ದಾಗ ಹೊರಬಿದ್ದರೆ, ಇದರದು ಬಿಸಿಯಾದಾಗ ಹೊರಬೀಳುತ್ತದೆ. ಚೆನ್ನಾಗಿ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ತಡವರಿಸಿದರೆ ಒಳಗಿನ ಸೀಲುಗಳು ಸವೆದಿರಬಹುದು. ಕಂಪ್ರೆಶನ್, ಅಂದರೆ ಎಂಜಿನ್ ಒಳಗಿನ ಒತ್ತಡ, ನೋಡಲು ರೋಟರಿಗೇ ಆದ ಮೀಟರ್ ಬೇಕು.

ನಾನು ಎಂಎಕ್ಸ್-5 ಹಿಡಿದದ್ದಕ್ಕೆ ಕಾರಣ ರೋಮಾಂಚನ ಅಲ್ಲ. 1989ರಿಂದ ಇವತ್ತಿನ ತನಕ ಆ ಹೆಸರಿನ ಕಾರು ತಯಾರಾಗುತ್ತಲೇ ಇದೆ. ಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವವರು ಸಿಗುತ್ತಾರೆ, ಎಂಜಿನ್ ಸಾದಾ ನಾಲ್ಕು ಸಿಲಿಂಡರಿನದು. ನನ್ನದು ಎರಡನೇ ತಲೆಮಾರು, 1.8 ಲೀಟರ್, ಸುಮಾರು 140 ಹಾರ್ಸ್‌ಪವರ್. ಕಾಗದದ ಮೇಲೆ ದೊಡ್ಡದಲ್ಲ. ಕಾರಿನ ತೂಕ ಒಂದು ಟನ್ನಿಗೆ ಸ್ವಲ್ಪ ಮೇಲೆ ಅಷ್ಟೇ. ಅದು ರಸ್ತೆಯ ಮೇಲೆ ಗೊತ್ತಾಗುತ್ತದೆ.

ನನ್ನದೇ ಒಂದು ಹಟ ಇದೆ: ಮಾರ್ಪಾಡು ಮಾಡಿದ ಕಾರು ಬೇಡ. ತಗ್ಗಿಸಿದ ಸ್ಪ್ರಿಂಗು, ಗುಡುಗುವ ಸೈಲೆನ್ಸರ್, ತಾವೇ ಎಳೆದ ವೈರು. ಹಿಂದಿನವರು ಖುಷಿಗಾಗಿ ಮಾಡಿದ್ದನ್ನು ನೀವು ದುಡ್ಡು ಕೊಟ್ಟು ಬಿಚ್ಚಿಸಬೇಕಾಗುತ್ತದೆ. ಫ್ಯಾಕ್ಟರಿಯಿಂದ ಬಂದ ಹಾಗೇ ಇರುವ, ಸ್ವಲ್ಪ ಬಣ್ಣ ಮಾಸಿದ ಕಾರು ಸಿಕ್ಕರೆ ಅದನ್ನು ಹಿಡಿಯಿರಿ.

ಯಾರು ಸಾಕಿದ್ದು?

ಹಳೆ ಕಾರು ನೋಡಲು ಹೋದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ. ಎರಡು ವರ್ಷದ ಕಾರಿನಲ್ಲಿ ಕಂಪನಿಯ ಕೆಲಸ ಕಾಣುತ್ತದೆ. ಇಪ್ಪತ್ತು ವರ್ಷದ ಕಾರಿನಲ್ಲಿ ಸಾಕಿದವರ ಕೈ ಕಾಣುತ್ತದೆ.

ಮೊದಲು ನಾನು ನೋಡಿದ್ದು ಒಂದು ಕೆಂಪು ಕೂಪೆ. ಯಾವ ಕಂಪನಿಯದು ಅನ್ನುವುದು ಬೇಡ, ತಪ್ಪು ಕಾರಿನದಲ್ಲ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ನಾನು ಬರುವಷ್ಟರಲ್ಲಿ ಎಂಜಿನ್ ಬಿಸಿ. ಬಾನೆಟ್ ಮೇಲೆ ಕೈ ಇಟ್ಟರೆ ಸುಡುತ್ತಿತ್ತು. "ಈಗಷ್ಟೇ ಪೆಟ್ರೋಲ್ ಹಾಕಿಸ್ಕೊಂಡು ಬಂದೆ ಮೇಡಂ" ಅಂದರು ಮಾರುವವರು. ಕೀಲಿ ತಿರುಗಿಸಿ ನೋಡಿದೆ. ಪೆಟ್ರೋಲ್ ಮುಳ್ಳು ಕಾಲು ಭಾಗದಲ್ಲಿತ್ತು.

ಓಡಿಸಿ ನೋಡಿದಾಗ ಚೆನ್ನಾಗಿಯೇ ಇತ್ತು. ಮನಸ್ಸು ಆಗಲೇ ಕೀಲಿಗೆ ಕೈ ಚಾಚಿತ್ತು. ಆದರೂ, "ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ, ಅಲ್ಲಿ ತನಕ ಸ್ಟಾರ್ಟ್ ಮಾಡ್ಬೇಡಿ" ಅಂದೆ. ಮಾರನೇ ದಿನ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದಾಗ ಮೊದಲು ಕಲ್ಲು ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದಂತೆ ಸದ್ದು. ಹಿಂದೆ ನೀಲಿ ಹೊಗೆಯ ಮೋಡ. ನೀಲಿ ಅಂದರೆ ಆಯಿಲ್ ಸುಡುತ್ತಿದೆ ಅಂತ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ ಅಂತ. ಚಳಿಯ ಬೆಳಿಗ್ಗೆ ಒಂದೆರಡು ನಿಮಿಷ ಬರುವುದು ಬರೀ ಆವಿ, ಅದಕ್ಕೆ ಹೆದರಬೇಕಿಲ್ಲ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ.

ಆಮೇಲೆ ಬಗ್ಗಿ ನೋಡಿದೆ. ನಾಲ್ಕು ಟೈರು, ನಾಲ್ಕು ಕಂಪನಿ. ಹೊಳಪಿಗೆ ದುಡ್ಡು ಹಾಕಿದವರು ರಸ್ತೆಗೆ ತಾಗುವ ಜಾಗಕ್ಕೆ ಹಾಕಿರಲಿಲ್ಲ. ಇದನ್ನು ಹಿಂದಿನ ದಿನವೇ ನೋಡಬಹುದಿತ್ತು. ನಾನು ನೋಡುತ್ತಿದ್ದದ್ದು ಕೆಂಪು ಬಣ್ಣ.

ಹಸಿರು ಎಂಎಕ್ಸ್-5 ಮಾರಿದವರು ಕಾರಿಗಿಂತ ಮೊದಲು ಫೈಲು ತೋರಿಸಿದರು. 41 ರಸೀದಿ. ಬಲ್ಬ್ ಬದಲಿಸಿದ್ದಕ್ಕೂ ರಸೀದಿ. ಪ್ರತಿ ಸಲದ ಕಿಲೋಮೀಟರ್ ಬರೆದಿತ್ತು, ಒಂದಕ್ಕಿಂತ ಮುಂದಿನದು ಸರಿಯಾಗಿ ಏರುತ್ತಾ ಹೋಗಿತ್ತು. ಓಡೋಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಈ ಸಾಲು ಎಲ್ಲೋ ಮುರಿಯುತ್ತದೆ. ಫೈಲು ಇಲ್ಲದ ಕಡೆ ಬ್ರೇಕ್ ಪೆಡಲ್ಲಿನ ರಬ್ಬರು, ಸ್ಟಿಯರಿಂಗಿನ ಚರ್ಮ, ಸೀಟಿನ ಹೊರ ಅಂಚು ನೋಡಿ. 60,000 ಅಂತ ಹೇಳುವ ಕಾರಿನ ಪೆಡಲ್ ಬೋಳಾಗಿದ್ದರೆ ಪೆಡಲ್ಲನ್ನೇ ನಂಬಿ.

ಅಷ್ಟು ಒಳ್ಳೆಯ ಫೈಲಿನಲ್ಲೂ ಎರಡು ತೂತು ಇದ್ದವು. ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಪಟ್ಟಿ, ಬದಲಿಸಿ ಒಂಬತ್ತು ವರ್ಷ ಆಗಿತ್ತು. "ಕಿಲೋಮೀಟರ್ ಇನ್ನೂ ಬಂದಿಲ್ಲ" ಅಂದರು ಅವರು. ಸುಳ್ಳಲ್ಲ. ಆದರೆ ಬೆಲ್ಟ್ ರಬ್ಬರಿನದು, ಅದು ನಿಂತಲ್ಲೇ ಮುದಿಯಾಗುತ್ತದೆ. ಎರಡನೆಯದು ಟೈರು. ಅಚ್ಚು ಆಳವಾಗಿತ್ತು, ಚೆನ್ನಾಗಿಯೇ ಕಾಣುತ್ತಿತ್ತು. ಟೈರಿನ ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ನಾನು ನೋಡಿದ್ದು 0911. ಅಂದರೆ 2011ರ ಒಂಬತ್ತನೇ ವಾರ. ಹನ್ನೊಂದು ವರ್ಷದ ಟೈರು, ಕಲ್ಲಿನ ಹಾಗೆ ಗಟ್ಟಿ. ಎರಡಕ್ಕೂ ತಗಲುವ ಖರ್ಚನ್ನು ಬರೆದು ತೋರಿಸಿ ಬೆಲೆ ಇಳಿಸಿ ಅಂತ ಕೇಳಿದೆ. ಮುಕ್ಕಾಲು ಒಪ್ಪಿದರು. ಸುಮ್ನೆ ಚೌಕಾಸಿ ಮಾಡುವುದಕ್ಕಿಂತ ಹೀಗೆ ಪಟ್ಟಿ ಹಿಡಿದು ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ.

ತುಕ್ಕಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಎಂಜಿನ್ ಬದಲಿಸಬಹುದು, ತುಕ್ಕು ತಿಂದ ಮೈ ಬದಲಿಸುವುದು ಕಷ್ಟ. ಮೊಣಕಾಲೂರಿ ಬಾಗಿಲಿನ ಕೆಳಗಿನ ಸಿಲ್, ಚಕ್ರದ ಕಮಾನು, ಜ್ಯಾಕ್ ಕೊಡುವ ಜಾಗ ನೋಡಿ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಆಯಸ್ಕಾಂತ ಜೇಬಿನಲ್ಲಿರಲಿ. ಅದು ಹಿಡಿಯದ ಕಡೆ ಬಣ್ಣದ ಕೆಳಗೆ ಕಬ್ಬಿಣ ಇಲ್ಲ, ಪುಟ್ಟಿ ಇದೆ. ಅಲ್ಯೂಮಿನಿಯಂ ಬಾನೆಟ್‌ಗೂ ಪ್ಲಾಸ್ಟಿಕ್ ಬಂಪರ್‌ಗೂ ಆಯಸ್ಕಾಂತ ಹಿಡಿಯುವುದಿಲ್ಲ, ಅದಕ್ಕೆ ಗಾಬರಿ ಆಗಬೇಡಿ.

ಮಾಡು ತೆರೆಯುವ ಕಾರಾದರೆ ಒಂದು ಬಾಟಲಿ ನೀರು ತಗೊಂಡು ಹೋಗಿ. ಎಂಎಕ್ಸ್-5ರಲ್ಲಿ ಮಾಡಿನ ಮೇಲೆ ಬಿದ್ದ ನೀರು ಸೀಟಿನ ಹಿಂದಿನ ಎರಡು ತೂತಿನಿಂದ ಕೆಳಗಿಳಿದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ತೂತಿನಲ್ಲಿ ಎಲೆ, ಮಣ್ಣು ಸೇರಿ ಮುಚ್ಚಿದರೆ ನೀರು ಒಳಗೇ ನಿಂತು ಸಿಲ್ಲನ್ನು ಒಳಗಿನಿಂದ ತಿನ್ನುತ್ತದೆ. ನಾನು ಮೆಲ್ಲಗೆ ನೀರು ಸುರಿದೆ. ಬಲಗಡೆ ತಕ್ಷಣ ಇಳಿಯಿತು. ಎಡಗಡೆ ಇಳಿಯಲಿಲ್ಲ. ಮಾರುವವರೇ ಒಂದು ಮೆತ್ತನೆ ಪ್ಲಾಸ್ಟಿಕ್ ಕೊಳವೆ ತಂದು ಅಲ್ಲಾಡಿಸಿದರು. ಒಂದು ಹಿಡಿ ಕಪ್ಪು ಎಲೆ ಬಂತು. ಕೆಳಗೆ ಕಬ್ಬಿಣ ಗಟ್ಟಿಯಾಗಿತ್ತು, ಬಚಾವಾದೆ.

ಕಾರು 1996ರ ನಂತರದ್ದಾದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಒಂದು ಸಣ್ಣ ಒಬಿಡಿ-2 ಯಂತ್ರ ಚುಚ್ಚಿ ನೋಡಿ. ಎಲ್ಲ ದೇಶದ ಹಳೆ ಕಾರಿಗೂ ಇದು ಹೊಂದುವುದಿಲ್ಲ, ಹೊಂದಿದರೆ ಲಾಭ. ದೋಷದ ಕೋಡ್ ಇಲ್ಲ ಅಂತ ಬಂದ ಕೂಡಲೇ ಖುಷಿಪಡಬೇಡಿ. ಅದರಲ್ಲೇ ರೆಡಿನೆಸ್ ಅಂತ ಒಂದು ಪುಟ ಇರುತ್ತದೆ. ಕಾರು ತಾನೇ ಮಾಡಿಕೊಳ್ಳುವ ಹಲವು ಪರೀಕ್ಷೆ 'ಇನ್ನೂ ಮುಗಿದಿಲ್ಲ' ಅಂತ ತೋರಿಸಿದರೆ, ಯಾರೋ ಇತ್ತೀಚೆಗೆ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ಯಾಕೆ ಅಂತ ಕೇಳಿ, ಮುಖ ನೋಡಿ. ಚಾಸಿ ನಂಬರನ್ನು ಕಾಗದದ ಜೊತೆ ಒಂದೊಂದು ಅಕ್ಷರವಾಗಿ ಹೋಲಿಸಿ. ಅದೇ ನಂಬರ್ ಕೊಟ್ಟು ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರು ವಾಪಸ್ ಕರೆಸುವುದು) ಬಾಕಿ ಇದೆಯಾ ಅಂತಲೂ ನೋಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ರೀಕಾಲ್ ಕೋಟಿಗಟ್ಟಲೆ ಕಾರುಗಳಿಗೆ ತಾಗಿದೆ. ಬದಲಿಸದೇ ಉಳಿದವು ಇನ್ನೂ ರಸ್ತೆಯ ಮೇಲಿವೆ. ಇದು ಜೀವದ ಪ್ರಶ್ನೆ, ತಳ್ಳಿಹಾಕಬೇಡಿ.

ಓಡಿಸುವಾಗ ರೇಡಿಯೋ ಬಂದ್. ಮಾರುವವರು ಮಾತಿನ ಮಲ್ಲರಾದರೆ "ಐದು ನಿಮಿಷ ಸದ್ದು ಕೇಳಿಸ್ಕೊಳ್ತೀನಿ" ಅಂತ ನೇರವಾಗಿ ಹೇಳಿ. ಗೇರ್‌ಬಾಕ್ಸ್ ತಣ್ಣಗಿರುವಾಗಲೇ ಎರಡನೇ ಗೇರಿಗೆ ಹಾಕಿ ನೋಡಿ. ಕರಕರ ಅಂದರೆ ಗೇರನ್ನು ನಯವಾಗಿ ಕೂರಿಸುವ ಸಿಂಕ್ರೊ ಸವೆದಿದೆ. ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಎಂಜಿನ್ ಮಾತ್ರ ಕೂಗಿ ಕಾರು ಓಡದಿದ್ದರೆ ಕ್ಲಚ್ಚು ಮುಗಿದಿದೆ. ಖಾಲಿ, ನೇರ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿ, ಒಂದು ಕಡೆ ಎಳೆಯುತ್ತದಾ ನೋಡಿ. ಉಬ್ಬುತಗ್ಗಿನ ರಸ್ತೆಗೆ ತಪ್ಪದೇ ಹೋಗಿ. ಬುಷ್ಷು, ಷಾಕ್ ಅಬ್ಸಾರ್ಬರ್ ಎಲ್ಲ ಅಲ್ಲಿ ತಾವಾಗಿಯೇ ಬಾಯಿಬಿಡುತ್ತವೆ.

ಇಷ್ಟೆಲ್ಲ ನೀವೇ ನೋಡಿದ ಮೇಲೂ ನಿಮ್ಮ ಕಡೆಯ ಮೆಕ್ಯಾನಿಕ್‌ಗೆ ತೋರಿಸಿ. ಮಾರುವವರು ಹೇಳಿದ ಗ್ಯಾರೇಜಿನಲ್ಲಿ ಬೇಡ. ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದ ನೋಡಲಿ, ಕಂಪ್ರೆಶನ್ ಅಳೆಯಲಿ. ನನ್ನ ಕಾರಿನ ನಾಲ್ಕು ಸಿಲಿಂಡರೂ 12 ಬಾರ್ ಆಸುಪಾಸಿನಲ್ಲಿದ್ದವು. ಅಂಕಿಗಿಂತ ಮುಖ್ಯವಾದದ್ದು ನಾಲ್ಕೂ ಒಂದೇ ಸಮ ಇರುವುದು. ಮೂರು ಹನ್ನೆರಡಿದ್ದು ಒಂದು ಒಂಬತ್ತಿದ್ದರೆ ಕಾರಣ ಗೊತ್ತಾಗುವ ತನಕ ದುಡ್ಡು ತೆಗೆಯಬೇಡಿ. ಪರೀಕ್ಷೆ ಬೇಡ ಅನ್ನುವವರ ಕಾರು ನಿಮಗೂ ಬೇಡ.

ವ್ಯವಹಾರ ಮುಗಿದ ದಿನವೇ ಎರಡೂ ಕಾರಿನ ಹೆಸರು ಬದಲಾವಣೆಯ ಅರ್ಜಿ ಹಾಕಿ. ಮಾರಿದ ಕಾರಿನದ್ದನ್ನು ಮರೆಯುವವರೇ ಜಾಸ್ತಿ. ಕೊಂಡವರು ಮಾಡುವ ತಪ್ಪಿಗೆ ದಂಡದ ಕಾಗದ ನಿಮ್ಮ ಮನೆಗೆ ಬರುತ್ತದೆ.

ತಂದ ಮೇಲೆ

ಮೊದಲ ತಿಂಗಳು ನೀರು, ಎಣ್ಣೆ, ರಬ್ಬರು. ಎಂಜಿನ್ ಆಯಿಲ್, ಗೇರ್ ಆಯಿಲ್, ಡಿಫರೆನ್ಶಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಎಲ್ಲವನ್ನೂ ಹಳೆಯದು ತೆಗೆದು ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೀರಿದಷ್ಟೂ ಬೇಗ ಕುದಿಯುತ್ತದೆ, ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಬೆಲ್ಟ್ ಬದಲಿಸುವಾಗಲೇ ವಾಟರ್ ಪಂಪನ್ನೂ ಬದಲಿಸಿ. ಎರಡಕ್ಕೂ ಬಿಚ್ಚುವ ಕೆಲಸ ಒಂದೇ, ಎರಡು ಸಲ ಕೂಲಿ ಯಾಕೆ? ರೇಡಿಯೇಟರ್ ಹೋಸುಗಳನ್ನು ತಣ್ಣಗಿದ್ದಾಗ ಹಿಚುಕಿ ನೋಡಿ. ತೀರಾ ಮೆತ್ತಗಿದ್ದರೂ ಬದಲಿಸಿ, ಕಟಕಟ ಅಂದರೂ ಬದಲಿಸಿ.

ಇಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಉತ್ಸಾಹದಲ್ಲಿ ಒಂದೇ ವಾರದಲ್ಲಿ ಹೋಸು, ಸ್ಪಾರ್ಕ್ ಪ್ಲಗ್, ಅದರ ವೈರು, ಬ್ಯಾಟರಿ ಎಲ್ಲ ಬದಲಿಸಿದೆ. ಆಮೇಲೆ ಕಾರು ಐಡಲಿಂಗ್‌ನಲ್ಲಿ ನಡುಗಲು ಶುರುವಾಯಿತು. ಯಾವುದರಿಂದ ಅಂತ ಹುಡುಕಲು ಮೂರು ದಿನ ಬೇಕಾಯಿತು. ಒಂದು ಪ್ಲಗ್ ವೈರು ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ಒಂದು ಸಲಕ್ಕೆ ಒಂದು ಕೆಲಸ ಮಾಡಿಸಿ, ಒಂದು ವಾರ ಓಡಿಸಿ, ಆಮೇಲೆ ಮುಂದಿನದು.

ಓಡಿಸುವುದನ್ನೂ ಸ್ವಲ್ಪ ಹೊಸದಾಗಿ ಕಲಿಯಬೇಕು. ಕಾರು ಜಾರುವಾಗ ತಾನೇ ಹಿಡಿದು ನಿಲ್ಲಿಸುವ ಇಎಸ್‌ಸಿ ವ್ಯವಸ್ಥೆ 1995ರಲ್ಲಿ ದುಬಾರಿ ಮರ್ಸಿಡಿಸ್ ಕಾರುಗಳಲ್ಲಿ ಶುರುವಾಯಿತು. ಎಲ್ಲ ಹೊಸ ಕಾರಿಗೂ ಕಡ್ಡಾಯ ಆದದ್ದು ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ 2014ರ ಕೊನೆಯಿಂದ. ನನ್ನ ಹ್ಯಾಚ್‌ಬ್ಯಾಕಿನಲ್ಲಿ ಅದು ಇತ್ತು. ನಾಲ್ಕು ವರ್ಷದಲ್ಲಿ ನನ್ನ ಎಷ್ಟು ತಪ್ಪುಗಳನ್ನು ಅದು ಸದ್ದಿಲ್ಲದೆ ಸರಿ ಮಾಡಿತ್ತೋ ನನಗೇ ಗೊತ್ತಿಲ್ಲ. ಎಂಎಕ್ಸ್-5ರಲ್ಲಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್ ಇದೆ, ಇಎಸ್‌ಸಿ ಇಲ್ಲ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಮೊದಲ ಮಳೆಗೆ ಒಂದು ಖಾಲಿ ತಿರುವಿನಲ್ಲಿ ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ತುಳಿದೆ. ಕಾರಿನ ಹಿಂಭಾಗ ನನ್ನನ್ನು ನೋಡಲು ಮುಂದೆ ಬರುವಂತೆ ತಿರುಗಿತು. ಅದು ಆದದ್ದು ಆ ಹನ್ನೊಂದು ವರ್ಷದ ಟೈರಿನ ಮೇಲೆ. ಬೆಲ್ಟ್ ಮೊದಲು, ಟೈರು ಆಮೇಲೆ ಅಂತ ನಾನು ಹಾಕಿಕೊಂಡಿದ್ದ ಕ್ರಮ ಅವತ್ತೇ ತಲೆಕೆಳಗಾಯಿತು. ನೀವು ಟೈರಿನಿಂದಲೇ ಶುರುಮಾಡಿ. ಒಂದು ದಿನ ಒಳ್ಳೆಯ ಡ್ರೈವಿಂಗ್ ತರಬೇತಿಗೆ ಹೋದರೆ ಇನ್ನೂ ಒಳ್ಳೆಯದು. ಎಷ್ಟು ಹೊಸ ಭಾಗ ಹಾಕಿದರೂ ಅಷ್ಟು ವ್ಯತ್ಯಾಸ ಕಾಣುವುದಿಲ್ಲ.

ಕೊಟ್ಟ ಹ್ಯಾಚ್‌ಬ್ಯಾಕಿನದು ಏನು ಬೇಕೆನ್ನಿಸುತ್ತದೆ ಅಂತ ಕೇಳುತ್ತಾರೆ. ಹಿಂದಿನ ಕ್ಯಾಮೆರಾ ಅಲ್ಲ. ಉದ್ದ ಹೆದ್ದಾರಿಯಲ್ಲಿ ಆ ಮೌನ ಬೇಕೆನ್ನಿಸುತ್ತದೆ. ಎಂಎಕ್ಸ್-5ರಲ್ಲಿ ಎರಡು ಗಂಟೆ ಹೆದ್ದಾರಿಯಲ್ಲಿ ಹೋಗಿ ಇಳಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ. ಅಂಥ ಪ್ರಯಾಣಕ್ಕೆ ಈಗ ವ್ಯಾಗನ್ ತೆಗೆಯುತ್ತೇವೆ. ಹಿಂದಿನ ಸೀಟು ಇಲ್ಲ ಅಂತ ಬೇಜಾರಾದದ್ದು ಮೂರು ಸಲ. ಮೂರನ್ನೂ ಅದೇ ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅದು ಈಗ ಸರ್ವಿಸ್ ಪುಸ್ತಕವೂ ಹೌದು. 41 ರಸೀದಿಯ ಫೈಲು ಈಗ 58ಕ್ಕೆ ಬಂದಿದೆ.

ಇನ್ನು ಮಳೆ. ಬಟ್ಟೆಯ ಮಾಡನ್ನು ಸೀಟಿನಲ್ಲಿ ಕೂತೇ ಹಿಂದಕ್ಕೆ ಕೈ ಚಾಚಿ ಎಳೆದು, ಗಾಜಿನ ಮೇಲಿನ ಎರಡು ಕೊಂಡಿ ಹಾಕಬಹುದು. ಕೆಂಪು ಸಿಗ್ನಲ್ ಬಿದ್ದರೆ ಸಾಕು, ಹಸಿರಾಗುವಷ್ಟರಲ್ಲಿ ಮುಗಿಯುತ್ತದೆ. ಹೋದ ಭಾನುವಾರ ದೊಡ್ಡ ಹನಿ ಬೀಳಲು ಶುರುವಾದಾಗ ಪಕ್ಕದಲ್ಲಿದ್ದ ಗಂಡನಿಗೆ, "ರೀ, ನಿಮ್ಮ ಕಡೆ ಕೊಂಡಿ ಹಾಕಿ" ಅಂದೆ. ಅವರು ಆಕಾಶ ನೋಡಿ, "ಇರು, ಇನ್ನೂ ಜೋರಾಗಿಲ್ಲ" ಅಂದರು.